ಖಾಲಿ ಕುಪ್ಪಿಯಲ್ಲಿ ಸೀಸ

ಸೋಮವಾರ ಬೆಳಿಗ್ಗೆ ಸೊನ್ನೆಪ್ಪ ಒಂದು ಕಾಗದ ತಂದು ಕಲ್ಲಕ್ಕನ ಮೇಜಿನ ಮೇಲಿಟ್ಟ. ಇಟ್ಟವನು ಹೋಗಲಿಲ್ಲ, ಅವಳ ಮುಖವನ್ನೇ ನೋಡುತ್ತ ನಿಂತ.

ಕಾಗದದಲ್ಲಿ ಒಂದೇ ಅಂಕಿ ಇತ್ತು: ನಲವತ್ತೊಂದು.

"ಯಾವ ಕಲ್ಲಿಂದು ಇದು?" ಅಂದಳು ಕಲ್ಲಕ್ಕ.

"ಯಾವ ಕಲ್ಲಿಂದೂ ಅಲ್ಲ ಅಕ್ಕ. ಖಾಲಿ ಕುಪ್ಪಿ. ನೀವೇ ತೊಳೆದಿಟ್ಟಿದ್ದು."

ಆ 'ನೀವೇ' ಅನ್ನುವ ಮಾತಿಗೆ ಅವನು ಕೊಟ್ಟ ಒತ್ತು ಅವಳ ಕಿವಿಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಅದು ಕಲ್ಲುಗಳ ವಯಸ್ಸು ಕಂಡುಹಿಡಿಯುವ ಲ್ಯಾಬು. ಕಲ್ಲಕ್ಕನಿಗೆ ಐವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತೆರಡು ಇಲ್ಲೇ ಸವೆದಿದ್ದವು. ಎಲ್ಲೆಲ್ಲಿಂದಲೋ ಬರುವ ಬಂಡೆಚೂರುಗಳನ್ನು ಒಡೆದು, ಪುಡಿ ಮಾಡಿ, ಜರಡಿ ಹಿಡಿದು, ನೀರಲ್ಲಿ ಜಾಲಿಸಿ, ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿಮೊನೆಯಿಂದ ಜಿರ್ಕಾನ್ ಅನ್ನುವ ಹರಳುಗಳನ್ನು ಆರಿಸುವುದು ಅವಳ ಕೆಲಸ. ಸಕ್ಕರೆ ಕಾಳಿಗಿಂತ ಸಣ್ಣ ಹರಳು. ಒಂದು ಸೀನು ಬಂದರೆ ವಾರದ ದುಡಿಮೆ ಗಾಳಿಪಾಲು. ಅವಳು ಆರಿಸಿದ ಹರಳನ್ನು ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಉಣಿಸುವವನು ಸೊನ್ನೆಪ್ಪ, ಮೂವತ್ತೈದರ ಗಂಡಸು. ಯಂತ್ರದ ಲೆಕ್ಕ ಸೊನ್ನೆಗೆ ಬಂದು ನಿಲ್ಲದಿದ್ದರೆ ಮಧ್ಯಾಹ್ನದ ಊಟ ಬಿಡುತ್ತಿದ್ದ, ಅದಕ್ಕೇ ಆ ಹೆಸರು. ಇಬ್ಬರಿಗೂ ಹಿರಿಯರು ಮೇಷ್ಟ್ರು. ಅರವತ್ತೊಂದು ವರ್ಷ, ಸೀಸದ ವಿಷಯದಲ್ಲಿ ಅವರ ಮಾತೇ ಕೊನೆ ಮಾತು.

ಕೆಲಸಕ್ಕೆ ಸೇರಿದ ದಿನವೇ ಮೇಷ್ಟ್ರು ಅವಳನ್ನು ಕೂರಿಸಿಕೊಂಡು, ಹಳೇ ಲಕೋಟೆಯ ಬೆನ್ನ ಮೇಲೆ ಗೀಚುತ್ತ ಹೇಳಿಕೊಟ್ಟಿದ್ದರು. "ನೋಡು, ಪರಮಾಣುವಿನ ನಡುವೆ ಒಂದು ಬೀಜ ಇರುತ್ತೆ. ಯುರೇನಿಯಂ ಬೀಜ ತೀರಾ ದೊಡ್ಡದು, ಇನ್ನೂರ ಮೂವತ್ತೆಂಟು ಕಣ ತುಂಬಿಕೊಂಡಿರುತ್ತೆ. ಕಾಲು ಚಾಚೋಕೆ ಜಾಗ ಇಲ್ಲದ ಮನೇಲಿ ನೆಮ್ಮದಿ ಎಲ್ಲಿಂದ ಬರಬೇಕು? ಅದಕ್ಕೆ ಆಗಾಗ ನಾಲ್ಕು ಕಣದ ಒಂದು ಗಂಟನ್ನ ಹೊರಗೆಸೆಯುತ್ತೆ. ಅದು ಆಲ್ಫಾ. ಭಾರ ನಾಲ್ಕು ಇಳೀತು, ಹೆಸರೂ ಬದಲಾಯ್ತು. ಇನ್ನು ಕೆಲವು ಸಲ ಒಳಗಿರೋ ಒಂದು ನ್ಯೂಟ್ರಾನು ತಾನೇ ಪ್ರೋಟಾನ್ ಆಗಿಬಿಟ್ಟು ಒಂದು ಎಲೆಕ್ಟ್ರಾನನ್ನ ಉಗುಳುತ್ತೆ. ಅದು ಬೀಟಾ. ಭಾರ ಹೆಚ್ಚುಕಮ್ಮಿ ಹಾಗೇ ಇರುತ್ತೆ, ಹೆಸರು ಮಾತ್ರ ಬದಲು. ಇಷ್ಟಾದಮೇಲೂ ಒಳಗೆ ಕುದಿ ಉಳಿದಿದ್ರೆ ಅದು ಬೆಳಕಿನ ಥರ ಹೊರಟುಹೋಗುತ್ತೆ, ಅದು ಗಾಮಾ. ಎಂಟು ಆಲ್ಫಾ, ಆರು ಬೀಟಾ ಕಳೆದು ಇನ್ನೂರ ಆರರ ಸೀಸ ಆಯ್ತು ಅನ್ನು, ಅಲ್ಲಿಗೆ ಮುಗೀತು. ಆಮೇಲೆ ಅದು ಯಾರ ತಂಟೆಗೂ ಹೋಗಲ್ಲ."

"ಎಷ್ಟು ಹೊತ್ತು ಬೇಕು ಸಾರ್ ಇಷ್ಟಕ್ಕೆ?"

"ಇದ್ದ ಯುರೇನಿಯಂನಲ್ಲಿ ಅರ್ಧ ಖರ್ಚಾಗೋಕೆ ನಾನೂರೈವತ್ತು ಕೋಟಿ ವರ್ಷ. ನಡುವಿನ ಒಂದೊಂದು ಹಂತಕ್ಕೆ ಒಂದೊಂದು ಥರ. ಒಂದು ಕಡೆ ಲಕ್ಷಾಂತರ ವರ್ಷ, ಒಂದು ಕಡೆ ನಾಲ್ಕು ದಿನ, ಇನ್ನೊಂದು ಕಡೆ ರೆಪ್ಪೆ ಬಡಿಯೋಷ್ಟೂ ಇಲ್ಲ."

"ಸರ್ಕಾರಿ ಕಡತದ ಥರ" ಅಂದಿದ್ದಳು ಕಲ್ಲಕ್ಕ. ಮೇಷ್ಟ್ರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು. ಕೆಲಸ ಖಾಯಂ ಆಗಿದ್ದು ಆ ಮಾತಿಗೇ ಅಂತ ಅವಳು ಇವತ್ತಿಗೂ ನಂಬಿದ್ದಾಳೆ.

ಜಿರ್ಕಾನ್ ಹರಳು ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಹರಳಲ್ಲಿ ಸೀಸ ಸಿಕ್ಕಿತು ಅಂದರೆ ಅದು ಅಲ್ಲೇ, ಯುರೇನಿಯಂ ಕರಗಿ ಆದದ್ದು. ಎಷ್ಟು ಉಳಿದಿದೆ, ಎಷ್ಟು ಸೀಸ ಆಗಿದೆ ಅಂತ ತೂಗಿ ನೋಡಿದರೆ ಕಲ್ಲಿನ ವಯಸ್ಸು ಬರುತ್ತದೆ. ಆದರೆ ಹೊರಗಿನ ಸೀಸದ ಒಂದು ಧೂಳು ಬೆರೆತರೂ ಲೆಕ್ಕ ಕೆಟ್ಟಿತು. ಅದಕ್ಕೇ ಒಳಕೋಣೆಗೆ ಮೂರು ಬಾಗಿಲು, ಕಾಲಿಗೆ ಅಂಟುವ ಚಾಪೆ, ಬಿಳಿ ಅಂಗಿ, ಬಿಳಿ ಟೋಪಿ, ಸೋಸಿದ ಗಾಳಿ. ವಾರಕ್ಕೊಮ್ಮೆ ಕಲ್ಲಿಲ್ಲದೆ ಬರೀ ಆಮ್ಲವನ್ನೇ ಕುಪ್ಪಿಗೆ ಹಾಕಿ, ಉಳಿದದ್ದೆಲ್ಲ ಎಂದಿನಂತೆ ಮಾಡಿ, ಯಂತ್ರಕ್ಕೆ ಕೊಟ್ಟು ನೋಡುತ್ತಿದ್ದರು. ಆ ಖಾಲಿ ಕುಪ್ಪಿಯಲ್ಲಿ ಒಂದೋ ಎರಡೋ ಪಿಕೋಗ್ರಾಂ ಸೀಸ ಕಂಡರೆ ಸರಿ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಈಗ ನಲವತ್ತೊಂದು.

ಮುಂದಿನ ವಾರ ಎಪ್ಪತ್ತಾಯಿತು.

ಮೇಷ್ಟ್ರು ಇಬ್ಬರನ್ನೂ ಕರೆದರು. ಸೊನ್ನೆಪ್ಪ ಹಾಳೆ ಹರಡಿ ಹೇಳಿದ: "ಸಾರ್, ಇದು ಕಲ್ಲಿನ ಸೀಸ ಅಲ್ಲ. ಇದರಲ್ಲಿ ಇನ್ನೂರ ನಾಲ್ಕು ತುಂಬ ಇದೆ."

ಅವನ ಮಾತಿನ ಅರ್ಥ ಕಲ್ಲಕ್ಕನಿಗೂ ಗೊತ್ತಿತ್ತು. ಯುರೇನಿಯಂ ಎರಡು ಬಗೆ. ಒಂದು ಇನ್ನೂರ ಆರರ ಸೀಸವಾಗಿ ನಿಲ್ಲುತ್ತದೆ, ಇನ್ನೊಂದು ಇನ್ನೂರ ಏಳಾಗಿ. ಥೋರಿಯಂ ಇನ್ನೂರ ಎಂಟಕ್ಕೆ ಬಂದು ನಿಲ್ಲುತ್ತದೆ. ಇನ್ನೂರ ನಾಲ್ಕರ ಸೀಸ ಮಾತ್ರ ಯಾವುದೂ ಕರಗಿ ಆದದ್ದಲ್ಲ, ಭೂಮಿ ಹುಟ್ಟುವ ಮೊದಲೇ ಇದ್ದದ್ದು. ಅದು ಇದೆ ಅಂದರೆ ಇದು ಪೇಟೆಯ ಸೀಸ: ಬಣ್ಣದ್ದು, ಬೆಸುಗೆಯದ್ದು, ಹಳೇ ಕೊಳಾಯಿಯದ್ದು.

"ಅಂದ್ರೆ ಯಾರೋ ಹೊತ್ತು ತರ್ತಿದ್ದಾರೆ" ಅಂದರು ಮೇಷ್ಟ್ರು. ಟೋಪಿ ಹಿಂದಕ್ಕೆ ಸರಿಸಿ, ತಲೆಗೂದಲೊಳಗೆ ಬೆರಳಾಡಿಸುತ್ತ ಇಬ್ಬರನ್ನೂ ಒಂದೊಂದು ಸಲ ನೋಡಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಲ್ಲಕ್ಕ ಕದಿಯದೆಯೂ ಹೆಗಲು ಮುಟ್ಟಿ ನೋಡಿಕೊಂಡಳು. ತನ್ನ ಮನೆಯ ಕಿಟಕಿಗೆ ಹೋದ ತಿಂಗಳು ಬಣ್ಣ ಹೊಡೆಸಿದ್ದು ನೆನಪಾಯಿತು. ಕೈಚೀಲದ ಜಿಪ್ಪು, ಚಪ್ಪಲಿಯ ಮೊಳೆ, ಎಲ್ಲ ಕಣ್ಣಮುಂದೆ ಬಂದವು. ಅವತ್ತೇ ಮೇಷ್ಟ್ರು ಒದ್ದೆ ಬಟ್ಟೆಯ ಚೂರುಗಳಿಂದ ಇಬ್ಬರ ಕೈ, ಅಂಗಿ, ಪಾದರಕ್ಷೆ ಒರೆಸಿ ಪರೀಕ್ಷೆಗೆ ಇಟ್ಟರು. ಏನೂ ಸಿಗಲಿಲ್ಲ. ಮೇಷ್ಟ್ರ ಕೈಯನ್ನೂ ಒರೆಸಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಮೇಷ್ಟ್ರಿಗೂ ಹೊಳೆಯಲಿಲ್ಲ.

"ಇನ್ನು ಒಳಗೆ ಬರೋರು ಯಾರು?" ಅಂದ ಸೊನ್ನೆಪ್ಪ.

ನೆಲ ಒರೆಸುವ ಹೆಂಗಸು ಒಬ್ಬಳಿದ್ದಳು. ಎಲ್ಲರಿಗೂ ಅವಳು ಚಿಕ್ಕಮ್ಮ. ಎಲ್ಲರಿಗಿಂತ ಮುಂಚೆ ಬಂದು, ಒರೆಸಿ, ಯಾರ ಕಣ್ಣಿಗೂ ಬೀಳದೆ ಹೊರಟುಹೋಗುವವಳು. ಕಲ್ಲಕ್ಕನ ಬಾಯಿಂದ ಆ ಮಾತು ಹೇಗೆ ಬಂತೋ: "ಅವರ ಮನೆ ಬ್ಯಾಟರಿ ಒಡೆಯೋ ಬೀದೀಲಿದೆ."

ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಬೀದಿ ಅದು. ಅಲ್ಲಿನ ಮನೆಗಳ ಗೋಡೆಯೂ ಬೂದುಬಣ್ಣ. ಮೇಷ್ಟ್ರು ಮೇಜು ಗುದ್ದಿ "ಅಷ್ಟೇ ಮತ್ತೆ!" ಅಂದರು. ಕಲ್ಲಕ್ಕನಿಗೆ ಎದೆ ಹಗುರಾಯಿತು. ಹಗುರಾದದ್ದಕ್ಕೆ ಒಂದು ಗಳಿಗೆ ನಾಚಿಕೆಯೂ ಆಯಿತು, ಆದರೆ ಆ ನಾಚಿಕೆಯನ್ನು ಅವಳು ನಿಂತು ಮಾತಾಡಿಸಲಿಲ್ಲ.

ಶುಕ್ರವಾರ ಚಿಕ್ಕಮ್ಮನನ್ನು ಆವರಣದ ಆಚೆ ತುದಿಯ ಉಗ್ರಾಣಕ್ಕೆ ಹಾಕಿದರು. "ನಾನೇನು ಮಾಡ್ದೆ ಕಲ್ಲಕ್ಕಾ?" ಅಂತ ಅವಳು ಬಾಗಿಲಲ್ಲಿ ನಿಂತು ಕೇಳಿದಳು. "ಮೇಲಿನವರ ಆರ್ಡರು" ಅಂದಳು ಕಲ್ಲಕ್ಕ, ಜರಡಿಯಿಂದ ಕಣ್ಣೆತ್ತದೆ.

ಮುಂದಿನ ಖಾಲಿ ಕುಪ್ಪಿಯಲ್ಲಿ ಎರಡು. ಅದರ ಮುಂದಿನದರಲ್ಲೂ ಎರಡು. ಮೂರನೆಯದರಲ್ಲಿ ಒಂದೂವರೆ. ಸೊನ್ನೆಪ್ಪ ಶಿಳ್ಳೆ ಹಾಕುತ್ತ ಓಡಾಡಿದ. ಚಿಕ್ಕಮ್ಮನೇ ಅಂತ ಇನ್ನು ಯಾರಿಗೂ ಅನುಮಾನ ಉಳಿಯಲಿಲ್ಲ. ಮೇಷ್ಟ್ರು ಮಾತ್ರ ಈ ಸಂತೋಷಕ್ಕೆ ಇರಲಿಲ್ಲ. ಅವರ ಅಕ್ಕನಿಗೆ ಆಪರೇಷನ್ ಆಗಿ, ಆ ಮನೆಯಲ್ಲಿದ್ದ ತಾಯಿಯನ್ನು ನೋಡಿಕೊಳ್ಳಲು ಮೂರು ವಾರ ರಜೆ ಹಾಕಿ ಹೋಗಿದ್ದರು.

ಅವರು ವಾಪಸು ಬಂದ ವಾರ ಖಾಲಿ ಕುಪ್ಪಿಯಲ್ಲಿ ಅರವತ್ಮೂರು.

ಈಗ ಸೊನ್ನೆಪ್ಪನ ಕಣ್ಣಿಗೆ ಉಳಿದವಳು ಕಲ್ಲಕ್ಕ ಒಬ್ಬಳೇ. ಆಮ್ಲದ ಬೀರುವಿಗೆ ಬೀಗ ಬಂತು. ಬಾಟಲಿಗಳ ಮೇಲೆ, ದ್ರವ ಎಲ್ಲಿವರೆಗಿದೆ ಅಂತ ಪೆನ್ನಿನ ಗೀಟು ಬಿತ್ತು. ಅವಳು ಹರಳು ಆರಿಸುವಾಗ ಏನೋ ಹುಡುಕುವವನ ಹಾಗೆ ಬಂದು ಹಿಂದೆ ನಿಲ್ಲುತ್ತಿದ್ದ. ಅವಳೇನು ಕಡಿಮೆಯೇ? ಇವನೇ ಬೇಕಂತ ಏನೋ ಬೆರೆಸುತ್ತಿದ್ದಾನೆ, ತನ್ನನ್ನು ಓಡಿಸಿ ತನ್ನ ಕಡೆಯವರನ್ನು ತರುವ ಹುನ್ನಾರ ಅಂತ ಅಂದುಕೊಂಡು, ತನ್ನ ಡ್ರಾಯರಿನ ಸಂದಿಗೆ ಒಂದು ನೂಲೆಳೆ ಸಿಕ್ಕಿಸಿಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಬಂದಾಗ ನೂಲು ಇದ್ದಲ್ಲೇ ಇರುತ್ತಿತ್ತು. ಅದರಿಂದಲೂ ಸಮಾಧಾನ ಇಲ್ಲ. ನೋಡಿ ಮತ್ತೆ ಸಿಕ್ಕಿಸಿರಬಹುದಲ್ಲ? ಒಬ್ಬರು ಕಾಯಿಸಿದ ಟೀ ಇನ್ನೊಬ್ಬರು ಕುಡಿಯುವುದೂ ನಿಂತುಹೋಯಿತು.

ಗುರುವಾರ ಮೇಷ್ಟ್ರು ಕರೆಸಿದರು. "ನೀವು ಸೋಮವಾರದಿಂದ ಒಂದು ವಾರ ರಜ ತಗೊಳ್ಳಿ."

ಇಪ್ಪತ್ತೆರಡು ವರ್ಷ 'ನೀನು' ಅಂದ ಬಾಯಲ್ಲಿ ಅವತ್ತು 'ನೀವು' ಬಂತು. ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಶನಿವಾರ ಮನೆಯಲ್ಲಿ ಕೂತು ಅವಳು ತನ್ನ ಕುಪ್ಪಿ ತೊಳೆಯುವ ಪುಸ್ತಕ ತೆಗೆದಳು. ಯಾವ ದಿನ ಏನು ತೊಳೆದೆ, ಒಳಗೆ ಯಾರಿದ್ದರು, ಎಲ್ಲ ಬರೆದಿಡುವುದು ಅವಳ ಹಳೇ ಚಾಳಿ. ಸೊನ್ನೆಪ್ಪ ಒಂದು ಚೂರು ತಪ್ಪಿದ್ದರೂ ಹಿಡಿಯಬೇಕು ಅಂತಲೇ ಓದಲು ಶುರು ಮಾಡಿದ್ದು. ಚೊಕ್ಕವಾಗಿ ಬಂದ ಮೂರು ವಾರಕ್ಕೂ ಸುತ್ತು ಹಾಕಿದಳು. ಮೂರರಲ್ಲೂ ಸೊನ್ನೆಪ್ಪ ಇದ್ದ. ತಾನೂ ಇದ್ದಳು. ಇಲ್ಲದಿದ್ದವರು ಚಿಕ್ಕಮ್ಮ, ಮತ್ತೆ—

ಪುಸ್ತಕ ಮುಚ್ಚಿಟ್ಟಳು. ಮತ್ತೆ ತೆಗೆದು ನೋಡಿದಳು. ಛೇ, ಉಂಟೇ? ಸೀಸದ ಮೇಲೆ ನಲವತ್ತು ವರ್ಷ ಕಾವಲು ಕೂತ ಮನುಷ್ಯ!

ಭಾನುವಾರ ತಂಗಿಯ ಪಾರ್ಲರಿಗೆ ಹೋದಳು, ಮನಸ್ಸು ಬೇರೆ ಕಡೆ ಹೊರಳಲಿ ಅಂತ. ತಂಗಿ ಒಬ್ಬ ಹೆಂಗಸಿನ ತಲೆಗೆ ಬಣ್ಣ ಹಚ್ಚುತ್ತ, ಬಾಯಿಗೂ ಬಿಡುವು ಕೊಡದೆ ಹೇಳುತ್ತಿದ್ದಳು: "ಮಾಮೂಲಿ ಬಣ್ಣ ಕೆಲವರಿಗೆ ಆಗಿಬರಲ್ಲ ಕಣೆ, ಮುಖ ಊದಿಕೊಳ್ಳುತ್ತೆ. ಅಂಥವರಿಗೆ ಮೊದಲು ಇನ್ನೊಂದು ಥರ ಬರ್ತಿತ್ತು. ನೀರಿನ ಹಾಗೆ ಇರೋದು. ದಿನಾ ಬೆಳಿಗ್ಗೆ ಸವರಿಕೊಂಡರೆ ನಿಧಾನಕ್ಕೆ ಕಪ್ಪಾಗ್ತಾ ಹೋಗುತ್ತೆ, ಹೆಂಡತಿಗೂ ಗೊತ್ತಾಗಲ್ಲ. ನಾನು ಮಾತ್ರ ಅದನ್ನ ಅಂಗಡಿಗೆ ಸೇರಿಸಲ್ಲ."

"ಯಾಕೆ?"

"ಅದರಲ್ಲಿ ಸೀಸ ಇರುತ್ತಲ್ಲೇ."

ಕಲ್ಲಕ್ಕ ಕೂತಲ್ಲಿಂದ ಎದ್ದಳು. ಮೇಷ್ಟ್ರ ತಲೆ ಹೋದ ವರ್ಷ ಹತ್ತಿ ಬಿಡಿಸಿದ ಹಾಗಿತ್ತು. ಈಗ? ಈಗ ಹೇಗಿದೆ? ದಿನಾ ನೋಡುವ ತಲೆ. ಎಂದು ಬೂದಾಯಿತು, ಎಂದು ಕಪ್ಪಾಯಿತು, ಅವಳಿಗೆ ಗೊತ್ತೇ ಆಗಿರಲಿಲ್ಲ.

ಸೋಮವಾರ ರಜೆಯಿದ್ದರೂ ಹೋದಳು. ಒಗೆಯುವ ಬುಟ್ಟಿಯಿಂದ ಮೇಷ್ಟ್ರ ಗುರುತಿನ ಟೋಪಿ ತೆಗೆದು ತಿರುವಿ ನೋಡಿದಳು. ಒಳಅಂಚಿನಲ್ಲಿ ಟೀ ಕಲೆಯಂಥ ಕಂದು ಪಟ್ಟಿ. ಅದರದ್ದೊಂದು ಚೂರು ಕತ್ತರಿಸಿ, ಆಮ್ಲದಲ್ಲಿ ನೆನೆಸಿ, ಕುಪ್ಪಿಗೆ ಹಾಕಿಕೊಂಡು ಸೊನ್ನೆಪ್ಪನ ಮುಂದೆ ನಿಂತಳು.

"ನಿಮಗೆ ರಜ ಅಲ್ವಾ?" ಅಂದ ಅವನು.

ಒಳಕೋಣೆಯ ಬೀಗದಕೈ ಬಿಚ್ಚಿ ಅವನ ಮೇಜಿನ ಮೇಲಿಟ್ಟಳು. "ತಗೋ, ಇದು ನಿನ್ನ ಹತ್ರ ಇರಲಿ. ಬದಲಿಗೆ ಈ ಕುಪ್ಪಿಯದ್ದನ್ನ ಯಂತ್ರದಲ್ಲಿ ಓಡಿಸಿ ನೋಡು."

"ಏನಿದು?"

"ಓಡಿಸು, ಆಮೇಲೆ ಹೇಳ್ತೀನಿ."

"ಅಂದ್ರೆ ನೀವು ಕೊಟ್ಟಿದ್ದನ್ನ ಕಣ್ಣುಮುಚ್ಚಿ ನನ್ನ ಯಂತ್ರಕ್ಕೆ ಹಾಕಬೇಕು?"

"ನಿನ್ನ ಯಂತ್ರಕ್ಕೆ ಬೇಡ. ಪಕ್ಕದ ಕೋಣೆಯ ಹಳೇದಕ್ಕೆ ಹಾಕು. ನೀರು ಬೆರೆಸಿ ಸಾವಿರ ಪಾಲು ತೆಳು ಮಾಡು. ನಾನು ನಿನ್ನ ಎದುರಿಗೇ ಕೂತಿರ್ತೀನಿ, ಕೈ ಮೇಜಿನ ಮೇಲಿಟ್ಟುಕೊಂಡು."

ಅವನು ಅವಳ ಕೈಯನ್ನೂ ಕುಪ್ಪಿಯನ್ನೂ ನೋಡಿದ. ಆಮೇಲೆ ಕುಪ್ಪಿ ತಗೊಂಡ. ಮಧ್ಯಾಹ್ನದ ಹೊತ್ತಿಗೆ ಅಂಕಿ ಬಂತು. ಸೊನ್ನೆಪ್ಪ ಪರದೆಯನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದ.

"ನಾಲ್ಕು ಲಕ್ಷದ ಮೇಲಿದೆ ಅಕ್ಕ. ಇನ್ನೂರ ಆರಕ್ಕೂ ಇನ್ನೂರ ನಾಲ್ಕಕ್ಕೂ ಇರೋ ಪಾಲು ಖಾಲಿ ಕುಪ್ಪೀಲಿ ಎಷ್ಟಿತ್ತೋ ಇಲ್ಲೂ ಅಷ್ಟೇ. ಅದೇ ಸೀಸ ಇದು. ಎಲ್ಲಿಂದ ತಂದ್ರಿ?"

ಅವಳು ಟೋಪಿ ತೋರಿಸಿದಳು. ಅದರ ಮೇಲಿನ ಗುರುತು ನೋಡಿ ಅವನು ಬಾಗಿಲು ಮುಚ್ಚಿ ಬಂದ.

"ಬ್ಯಾಟರಿ ಬೀದಿಯ ಧೂಳು ತಂದು ಹೀಗೇ ಹೋಲಿಸಿ ನೋಡಿದ್ಯಾ, ಅವತ್ತು?" ಅಂತ ಕೇಳಿದಳು.

"ಇಲ್ಲ."

"ನೋಡು ಅಂತ ನಾನೂ ಹೇಳಲಿಲ್ಲ" ಅಂದಳು ಕಲ್ಲಕ್ಕ. ಬೀಗದಕೈಯನ್ನು ಅವನು ಮೆಲ್ಲಗೆ ಅವಳ ಕಡೆಗೆ ತಳ್ಳಿದ.

ಮೇಷ್ಟ್ರ ಕೋಣೆಗೆ ಅವಳೊಬ್ಬಳೇ ಹೋದಳು. ಕಾಗದವನ್ನೂ ಟೋಪಿಯನ್ನೂ ಮುಂದಿಟ್ಟಳು. ಮೇಷ್ಟ್ರ ಮುಖ ಮೊದಲು ಕೆಂಪಾಯಿತು.

"ನನ್ನ ಟೋಪಿ ಕದ್ದು ಪರೀಕ್ಷೆ ಮಾಡಿದ್ರಾ? ನನ್ನ ಮೇಲೆ ಗೂಢಚಾರಿಕೆನಾ?"

"ಹೌದು ಸಾರ್. ನಮ್ಮೆಲ್ಲರ ಮೇಲೂ ಆಯ್ತು, ನಿಮ್ಮೊಬ್ಬರದ್ದು ಬಾಕಿ ಇತ್ತು."

ಅವರು ಏನೋ ಗದರಲು ಬಾಯಿ ತೆಗೆದವರು ಅಂಕಿಯ ಮೇಲೆ ಕಣ್ಣು ಬಿದ್ದು ನಿಂತರು. ಅಂಕಿ ಸುಳ್ಳು ಹೇಳುವುದಿಲ್ಲ ಅಂತ ನಲವತ್ತು ವರ್ಷ ಬೇರೆಯವರಿಗೆ ಹೇಳಿಕೊಟ್ಟ ಮನುಷ್ಯ. ಕಾಗದ ಕೈಯಲ್ಲಿ ಹಿಡಿದು ಕುರ್ಚಿಗೆ ಕುಸಿದರು.

"ಕ್ಷೌರದವನು ಒಂದು ಬಾಟಲಿ ಕೊಡ್ತಾನೆ" ಅಂದರು ಕೊನೆಗೆ. "ದೊಡ್ಡ ಡಬ್ಬದಿಂದ ಬಗ್ಗಿಸಿ ಕೊಡೋದು, ಮೇಲೆ ಚೀಟಿ ಇಲ್ಲ. ಬೇರೆ ಬಣ್ಣ ಹಚ್ಚಿದ್ರೆ ಮುಖ ಊದಿಕೊಳ್ತಿತ್ತು, ಇದು ಊದಿಸಲಿಲ್ಲ. ಒಳಗೇನಿದೆ ಅಂತ ನಾನು ಕೇಳಲಿಲ್ಲ. ನಾನು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು."

ಈ ವಯಸ್ಸಲ್ಲಿ ಕಪ್ಪುಗೂದಲ ಹುಚ್ಚು ಯಾಕೆ ಬಂತು ಅಂತ ಕಲ್ಲಕ್ಕನ ಮನಸ್ಸಿನಲ್ಲಿದ್ದದ್ದು ಮುಖದಲ್ಲೂ ಕಂಡಿರಬೇಕು.

"ನಮ್ಮಮ್ಮ" ಅಂದರು ಮೇಷ್ಟ್ರು. "ಎಂಬತ್ತೆಂಟು ವರ್ಷ. ನೆನಪು ಹಿಂದಕ್ಕೆ ಹಿಂದಕ್ಕೆ ಹೋಗ್ತಿದೆ. ದಿನಾ ಸಂಜೆ ಅಕ್ಕನ ಮನೆಗೆ ನೋಡೋಕೆ ಹೋಗ್ತೀನಿ. ಬಿಳೀ ತಲೆಯಲ್ಲಿ ಹೋದ್ರೆ ಯಾರೋ ಮುದುಕ ಅಂತ ಸೆರಗು ಸರಿ ಮಾಡ್ಕೊಂಡು ದೂರ ಸರೀತಾಳೆ. ಕೂದಲು ಕಪ್ಪಾಗ್ತಾ ಬಂದಂತೆ ಒಂದಿನ ನನ್ನ ಚಿಕ್ಕಂದಿನ ಹೆಸರು ಹಿಡಿದು ಕರೆದುಬಿಟ್ಟಳು. ಹತ್ರ ಕೂರಿಸಿಕೊಂಡು, ತಲೆ ಸವರಿ..."

ಹೇಳುತ್ತಲೇ ಅವರು ತಮ್ಮ ತಲೆ ಮುಟ್ಟಿ, ಆ ಬೆರಳನ್ನೇ ನೋಡಿಕೊಂಡರು.

"ದಿನಾ ತಲೆ ಸವರ್ತಾಳೆ, ಕಲ್ಲಕ್ಕ. ಸವರಿ, ಅದೇ ಕೈಯಲ್ಲಿ ಊಟ ಮಾಡ್ತಾಳೆ."

ಎದ್ದವರೇ ಫೋನ್ ಕೈಗೆತ್ತಿಕೊಂಡರು. ಅವತ್ತೇ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತದಲ್ಲಿ ಸೀಸ ಇತ್ತು. ತೀರಾ ಹೆಚ್ಚಿಲ್ಲ, ಇನ್ನು ಮುಟ್ಟದಿದ್ದರೆ ನಿಧಾನಕ್ಕೆ ಇಳಿಯುತ್ತದೆ ಅಂದರು ಡಾಕ್ಟರು. ಮರುದಿನ ಮೇಷ್ಟ್ರು ನುಣ್ಣಗೆ ತಲೆ ಬೋಳಿಸಿಕೊಂಡು ಬಂದರು. ಈ ಎರಡು ತಿಂಗಳಲ್ಲಿ ಅಳೆದ ಎಂಟು ಕಲ್ಲುಗಳ ವಯಸ್ಸು ನಂಬಬೇಡಿ, ತಪ್ಪು ನನ್ನದು ಅಂತ ಕಲ್ಲು ಕಳಿಸಿದವರಿಗೆಲ್ಲ ತಾವೇ ಪತ್ರ ಬರೆದರು. "ಅಮ್ಮ ಏನಂದ್ರು ಸಾರ್?" ಅಂತ ಕಲ್ಲಕ್ಕ ಕೇಳಿದ್ದಕ್ಕೆ, "ಯಾರಪ್ಪಾ ನೀನು ಅಂದಳು. ನಿಮಗೆ ಬೇಕಾದವನೇ ಅಂದೆ. ಹಾಗಾದ್ರೆ ಕೂತ್ಕೋ ಅಂದಳು" ಅಂತ ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು.

ಉಗ್ರಾಣಕ್ಕೆ ಹೋಗಲು ಕಲ್ಲಕ್ಕನಿಗೆ ಎರಡು ದಿನ ಬೇಕಾಯಿತು. ಚಿಕ್ಕಮ್ಮ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಬುತ್ತಿ ಬಿಚ್ಚುತ್ತಿದ್ದಳು.

"ಬ್ಯಾಟರಿ ಬೀದಿ ಅಂತ ಬಾಯಿಬಿಟ್ಟವಳು ನಾನೇ ಚಿಕ್ಕಮ್ಮ" ಅಂದಳು ಕಲ್ಲಕ್ಕ ನಿಂತೇ. "ನನ್ನ ಮೇಲೆ ಬರುತ್ತೆ ಅಂತ ಹೆದರಿ ನಿಮ್ಮ ಮೇಲೆ ಹಾಕಿದೆ. ನಿಮ್ಮಿಂದ ಏನೂ ಆಗಿರಲಿಲ್ಲ."

ಚಿಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಈಗ ಯಾಕೆ ಬಂದು ಹೇಳ್ತಿದ್ದೀರಿ? ಇನ್ನೇನಾದ್ರೂ ಕಳೆದುಹೋಯ್ತಾ?"

"ಇಲ್ಲ. ವಾಪಸು ಬನ್ನಿ ಅಂತ ಕರೆಯೋಕೆ ಬಂದೆ."

"ಅವತ್ತು ನನ್ನ ಕೈ ಒರೆಸಿ ನೋಡಿದ್ರಾ?"

"ಇಲ್ಲ."

"ನಿಮ್ಮದು ನೋಡಿದ್ರು, ಆ ಯಂತ್ರದವರದ್ದೂ ನೋಡಿದ್ರು. ನನ್ನದು ನೋಡದೇನೇ ಗೊತ್ತಾಗಿಹೋಯ್ತು, ಅಲ್ವಾ?" ಬುತ್ತಿಯ ಮುಚ್ಚಳ ಹಾಕಿದಳು. "ನನ್ನ ಕೈಯಲ್ಲಿ ಸೀಸ ಇದೆ ಅಂತ ಜನ ಆಡಿಕೊಳ್ಳೋದು ಕೇಳಿ, ಮನೇಲಿ ಮೊಮ್ಮಗೂನ ಎತ್ತಿಕೊಳ್ಳೋಕೆ ಐದು ವಾರ ಹೆದರಿದೀನಿ ಕಲ್ಲಕ್ಕಾ. ಬನ್ನಿ, ಈಗ ನೋಡಿ. ಎಲ್ಲರ ಎದುರಿಗೆ ನೋಡಿ."

ಹಾಗೇ ಮಾಡಿದರು. ಮೇಷ್ಟ್ರೇ ಚಿಕ್ಕಮ್ಮನ ಎರಡೂ ಅಂಗೈ, ಚಪ್ಪಲಿ, ಸೆರಗಿನ ತುದಿ ಒರೆಸಿದರು. ಸೊನ್ನೆಪ್ಪ ಓಡಿಸಿದ. ಮೇಷ್ಟ್ರು ಎದ್ದುನಿಂತು ಅಂಕಿಯನ್ನು ಗಟ್ಟಿಯಾಗಿ ಓದಿದರು: ಚಪ್ಪಲಿಯಲ್ಲಿ ಸ್ವಲ್ಪ ಧೂಳು, ಅದು ಅಂಟುಚಾಪೆ ದಾಟದು. ಕೈ ಚೊಕ್ಕ, ಕಲ್ಲಕ್ಕನ ಕೈಗಿಂತಲೂ ಚೊಕ್ಕ.

"ದಿನಾ ಸೋಪಿನ ನೀರಲ್ಲಿರೋ ಕೈ" ಅಂದಳು ಚಿಕ್ಕಮ್ಮ. ನಗಲಿಲ್ಲ.

"ನಾಳೆಯಿಂದ ಇಲ್ಲೇ ಬನ್ನಿ" ಅಂದರು ಮೇಷ್ಟ್ರು, ಕೈ ಜೋಡಿಸಿ.

"ಬೇಡಿ ಸಾರ್. ಉಗ್ರಾಣದಲ್ಲಿ ಕಿಟಕಿ ಇದೆ. ಅಲ್ಲಿ ನನ್ನ ಹಿಂದೆ ಯಾರೂ ಬಂದು ನಿಲ್ಲಲ್ಲ." ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು.

ಬೇರೆ ಜನ ಸಿಗುವವರೆಗೆ ಒಳಕೋಣೆಯ ನೆಲವನ್ನು ಮೂವರೂ ಸರದಿಯ ಮೇಲೆ ಒರೆಸಬೇಕು ಅಂತಾಯಿತು. ಮೊದಲ ಸರದಿ ಸೊನ್ನೆಪ್ಪನದು. ನೀರು ಹೆಚ್ಚಾಗಿ, ಬಟ್ಟೆ ಹಿಂಡದೆ, ತಾನು ಒರೆಸಿದ ಜಾಗವನ್ನು ತಾನೇ ತುಳಿಯುತ್ತ ಅವನು ಒದ್ದಾಡುವುದನ್ನು ಕಲ್ಲಕ್ಕ ಸ್ವಲ್ಪ ಹೊತ್ತು ನೋಡಿದಳು.

"ಹಿಂದಕ್ಕೆ ಹೆಜ್ಜೆ ಇಡ್ತಾ ಒರೆಸೋ ಮಾರಾಯ" ಅಂತ ಹೇಳಿ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು.